ಮೂರನೇ ಪ್ಲಗ್ಗಿನ ವೈರ್

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರು ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗಲು ತಕರಾರು ಮಾಡತೊಡಗಿತು. ಚಾವಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ. ಐದಾರು ಸಲ ಹೊಡೆದ ಮೇಲೆ ಹತ್ತಿದರೂ ಇಡೀ ಗಾಡಿ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಆಕ್ಸಲರೇಟರ್ ಮೇಲಿಂದ ಕಾಲು ತೆಗೆದರೆ ಬಂದ್. ನಾಲ್ಕೈದು ನಿಮಿಷ ಒತ್ತಿ ಹಿಡಿದು ಕೂತರೆ ತಾನಾಗಿ ಸರಿಹೋಗುತ್ತಿತ್ತು; ಆಮೇಲೆ ದಿನವಿಡೀ ಏನೂ ತೊಂದರೆ ಇಲ್ಲ.

ಶಹಾಪುರದ ಮನೆಯಲ್ಲಿ ನಾನೊಬ್ಬನೇ ಇರುತ್ತೇನೆ. ಹೆಂಡತಿ ಇರುವುದು ಖಾನಾಪುರದಲ್ಲಿ. ಮೂರು ವರ್ಷದ ಹಿಂದೆ ಬಡ್ತಿ ಸಿಕ್ಕು ಅಲ್ಲಿನ ಹೈಸ್ಕೂಲೊಂದಕ್ಕೆ ಮುಖ್ಯಾಧ್ಯಾಪಕಿಯಾಗಿ ಹೋದಳು. ಬಸ್ಸಿನಲ್ಲಿ ಒಂದು ತಾಸಿನ ಹಾದಿ, ದಿನಾ ಓಡಾಡುವವರು ಎಷ್ಟೋ ಜನ ಇದ್ದಾರೆ. ಮಳೆ ಮುಗಿಯುವವರೆಗೆ ಇರಲಿ ಅಂತ ಅಲ್ಲೊಂದು ಬಾಡಿಗೆ ಖೋಲಿ ಹಿಡಿದಳು. ಮೊದಮೊದಲು ಪ್ರತಿ ಶನಿವಾರ ಬರುತ್ತಿದ್ದಳು, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ. ನಾವು ಜಗಳವಾಡಿದ್ದಿಲ್ಲ. ಬರುವುದಿಲ್ಲ ಅಂತ ಅವಳು ಹೇಳಲಿಲ್ಲ, ಬಾ ಅಂತ ನಾನೂ ಕರೆಯಲಿಲ್ಲ. ಮಕ್ಕಳಿಲ್ಲದ ಮನೆ, ಕೇಳುವವರೂ ಯಾರೂ ಇರಲಿಲ್ಲ.

ಕಾರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಅಷ್ಟೊತ್ತಿಗೆ ಎಂಜಿನ್ ಬಿಸಿಯಾಗಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಒಂದು ರಾತ್ರಿ ಅಲ್ಲೇ ಬಿಟ್ಟು ಬಂದೆ. ಅವನ ಗ್ಯಾರೇಜು ನಾಲ್ಕೂ ಕಡೆ ಮುಚ್ಚಿದ, ಬೆಚ್ಚಗಿನ ಜಾಗ. ಬೆಳಿಗ್ಗೆಯೂ ಸುಮ್ಮನೆ ಸ್ಟಾರ್ಟ್ ಆಯಿತಂತೆ.

"ಸರ, ಗಾಡಿ ಬೆಣ್ಣಿ ಹಂಗ ಐತಿ. ಮನ್ಯಾಗ ಯಾರನ್ನಾರ ಗಾಡ್ಯಾಗ ಕುಂದರಿಸಿ, ನೀವು ಬಾನೆಟ್ ತಗದು ನೋಡ್ರಿ ಒಮ್ಮೆ," ಅಂದ.

ಹರೆಯದಲ್ಲಿ ನನ್ನ ಸ್ಕೂಟರನ್ನು ನಾನೇ ಬಿಚ್ಚಿ ಜೋಡಿಸುತ್ತಿದ್ದೆ. ಆ ಧೈರ್ಯದ ಮೇಲೆ ಒಂದು ರಜಾ ದಿನ ನಾಲ್ಕೂ ಪ್ಲಗ್ ಬಿಚ್ಚಿದೆ. ಅವುಗಳಲ್ಲಿ ಮೂರು ಪ್ಲಗ್ಗುಗಳ ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಮೂರನೇ ನಂಬರಿನದು ಮಾತ್ರ ಕರ್ರಗೆ, ಪೆಟ್ರೋಲಿನಿಂದ ಒದ್ದೆಯಾಗಿತ್ತು. ಪೆಟ್ರೋಲ್ ಬರುತ್ತಿದೆ, ಕಿಡಿ ಹಾರುತ್ತಿಲ್ಲ ಅಂತಾಯಿತು. ಆ ಪ್ಲಗ್ಗನ್ನು ಒಂದನೇ ಜಾಗಕ್ಕೆ ಹಾಕಿ, ಒಂದನೆಯದನ್ನು ಅಲ್ಲಿಗೆ ಹಾಕಿದೆ. ಮರುದಿನ ಮತ್ತೆ ಮೂರನೇ ಜಾಗದ್ದೇ ಒದ್ದೆ. ಅಂದರೆ ಪ್ಲಗ್ ಸರಿಯಿದೆ. ಅದಕ್ಕೆ ಕರೆಂಟ್ ತರುವ ವೈರೋ, ಆ ವೈರಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲೋ ಕೆಟ್ಟಿರಬೇಕು. ನಡುವೆ ಎರಡು ದಿನ ಮಳೆ ನಿಂತಾಗ ಗಾಡಿ ತಕರಾರಿಲ್ಲದೆ ಹತ್ತಿತು. ಹಾಗಾಗಿ ವೈರಿನ ಮೇಲೆಯೇ ಅನುಮಾನ ಬಲವಾಯಿತು. ಸಿಪ್ಪೆ ಬಿರಿದ ವೈರು ಹಸಿಗಾಳಿಯಲ್ಲಿ ಕಿಡಿಯನ್ನು ಪಕ್ಕದ ಕಬ್ಬಿಣಕ್ಕೆ ಹಾರಿಸಿಬಿಡುತ್ತದೆ. ಕತ್ತಲಲ್ಲಿ ನೋಡಿದರೆ ಕಾಣುತ್ತದೆ.

ನೋಡುವುದಕ್ಕೆ ಮಾತ್ರ ಇಬ್ಬರು ಬೇಕು, ಒಬ್ಬರು ಆಕ್ಸಲರೇಟರ್ ಒತ್ತಲು, ಒಬ್ಬರು ಬಾನೆಟ್ ಒಳಗೆ ಬಗ್ಗಲು. ಮೊಬೈಲನ್ನು ಬ್ಯಾಟರಿ ಮೇಲೆ ಆನಿಸಿಟ್ಟು ವಿಡಿಯೋ ಮಾಡಿದೆ. ಕತ್ತಲು ಬಿಟ್ಟು ಏನೂ ಬರಲಿಲ್ಲ. ಓಣಿಯಲ್ಲಿ ಯಾರನ್ನು ಕರೆದರೂ ಓಡಿ ಬರುತ್ತಿದ್ದರು. ಬಂದವರು ನನ್ನ ಹೆಂಡತಿಯ ಬಗ್ಗೆ, ಬಾಯಾರು ಊರಿಗೆ ಬಂದಾರೇನು ಅಂತ ಕೇಳದೆ ಹೋಗುತ್ತಿರಲಿಲ್ಲ. ಅದಕ್ಕೆ ಹೆದರಿ ಯಾರನ್ನೂ ಕರೆಯಲಿಲ್ಲ. ದಿನಾ ಬೆಳಿಗ್ಗೆ ಐದು ನಿಮಿಷ ಆ ನಡುಗುವ ಗಾಡಿಯಲ್ಲಿ ಕಾಲು ಒತ್ತಿಕೊಂಡು ಕೂತಿರುತ್ತಿದ್ದೆ, ಆಮೇಲೆ ಕೋಟೆ ಹತ್ತಿರದ ಕಚೇರಿಗೆ ಹೋಗುತ್ತಿದ್ದೆ.

ಒಂದು ಭಾನುವಾರ ಅವಳು ಬಂದಳು. ಅವಳ ನಿವೃತ್ತಿಯ ಕಾಗದಪತ್ರಕ್ಕೆ ಹಳೆಯ ಸರ್ಟಿಫಿಕೇಟ್‌ಗಳು ಬೇಕಾಗಿದ್ದವು. ಕಪಾಟು ತೆಗೆದು ಅವನ್ನು ಚೀಲಕ್ಕೆ ಹಾಕಿಕೊಂಡಳು, ಚಹಾ ತಾನೇ ಮಾಡಿದಳು. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ನನ್ನನ್ನು ಕೇಳಬೇಕಾಯಿತು. ಹೊರಗೆ ಮಳೆ. ಕರೆಂಟ್ ಹೋಗಿ ಓಣಿಯ ಪವರ್‌ಲೂಮುಗಳೆಲ್ಲ ಸುಮ್ಮನಿದ್ದವು. ಕಾರು ನಿಲ್ಲಿಸುವ ತಗಡಿನ ಶೆಡ್ಡಿನೊಳಗೆ ಮಬ್ಬುಗತ್ತಲೆ.

"ಒಂದೀಟು ಗಾಡ್ಯಾಗ ಕುಂದರತಿ ಏನು? ಚಾವಿ ತಿರುವಬೇಕಾಗಿತ್ತು," ಅಂದೆ.

ಅವಳು ಏನು ಎತ್ತ ಅಂತ ಕೇಳದೆ ಬಂದು ಕೂತಳು. ಸೆಲ್ಫ್ ಹೊಡೆಯಿತು, ಗಾಡಿ ನಡುಗುತ್ತಾ ಹತ್ತಿತು. ಆಕ್ಸಲರೇಟರ್ ಮೇಲಿಂದ ಕಾಲು ತೆಗೆಯಬೇಡ ಅಂತ ಹೇಳಿ ಬಗ್ಗಿ ನೋಡಿದೆ. ಮೂರನೇ ವೈರಿನ ಬಾಗಿನಲ್ಲಿ ನೀಲಿ ಕಿಡಿಯೊಂದು ಟಿಕ್ ಟಿಕ್ ಅಂತ ಕಬ್ಬಿಣಕ್ಕೆ ಹಾರುತ್ತಿತ್ತು. ಒಂದು ತಿಂಗಳು ಹುಡುಕಿದ್ದು ಕಣ್ಣ ಮುಂದೆಯೇ ಇತ್ತು. ಕಂಡಿತು ಅಂತ ಕೂಗಿದೆ.

"ನನಗೂ ತೋರಸ್ರಿ," ಅಂತ ಇಳಿದು ಬಂದಳು. ಕಾಲು ತೆಗೆದ ಕೂಡಲೇ ಎಂಜಿನ್ ನಿಂತಿತು, ಕಿಡಿಯೂ ಹೋಯಿತು. ಅದಕ್ಕೆ ನಾನು ಒಳಗೆ ಕೂತೆ, ಅವಳು ಸೆರಗು ಸಿಕ್ಕಿಸಿ ಬಗ್ಗಿದಳು. ಎತ್ತಿದ ಬಾನೆಟ್ಟಿನ ಮರೆಯಲ್ಲಿ ನನಗೆ ಅವಳು ಕಾಣುತ್ತಿರಲಿಲ್ಲ.

"ಇಷ್ಟ ಸಣ್ಣದರಿಂದನ ಇಷ್ಟ ನಡಗತೈತೇನ್ರಿ ಗಾಡಿ?" ಅಂದಳು ಆ ಕಡೆಯಿಂದ.

ಹೂಂ ಅಂದೆ.

ವೈರನ್ನು ಒಣಬಟ್ಟೆಯಿಂದ ಒರೆಸಿ, ಬಿರಿದ ಕಡೆ ಟೇಪ್ ಸುತ್ತಿ, ಕಬ್ಬಿಣದಿಂದ ದೂರ ಸರಿಸಿದೆ. ಗಾಡಿ ಒಂದೇ ಸಲಕ್ಕೆ ಹತ್ತಿ ನುಣ್ಣಗೆ ಓಡಿತು. ಬಸ್ಸು ಬೇಡ, ನಾನೇ ಬಿಡುತ್ತೇನೆ ಅಂದೆ. ಒಪ್ಪಿದಳು. ದಾರಿಯುದ್ದಕ್ಕೂ ಅವಳು ಸೋರುವ ಶಾಲೆಯ ಸುದ್ದಿ ಹೇಳಿದಳು, ಊಟ ಎಲ್ಲಿ ಮಾಡುತ್ತೀರಿ ಅಂತ ಕೇಳಿದಳು. ಖಾನಾವಳಿಯಲ್ಲಿ ಅಂದೆ.

ಖಾನಾಪುರದಲ್ಲಿ ಅವಳ ಖೋಲಿಯ ಮುಂದೆ ಮನೆಯ ಒಡತಿ ಅಜ್ಜಿ ನಿಂತಿದ್ದಳು. ಇಬ್ಬರೂ ಮರಾಠಿಯಲ್ಲಿ ನಗುನಗುತ್ತಾ ಮಾತಾಡಿದರು. ಶಹಾಪುರದಲ್ಲಿದ್ದಾಗ ಮರಾಠಿಯಲ್ಲಿ ಎರಡು ಮಾತಾಡಲೂ ಅಳುಕುತ್ತಿದ್ದವಳು. ಇವರು ಯಾರೆಂದು ಅಜ್ಜಿ ಕೇಳಿದಳು. ನಮ್ಮ ಯಜಮಾನರು ಅಂದಳು. ಅಜ್ಜಿ ನನ್ನನ್ನು ಎರಡೆರಡು ಸಲ ನೋಡಿದಳು.

"ಬರ್ರಿ ಒಳಗ, ಚಾ ಕುಡದ ಹೋಗೀರಂತ," ಅಂದಳು ಹೆಂಡತಿ.

ನಿಲ್ಲಿಸಿದರೆ ಮಳೆಗೆ ಮತ್ತೆ ಹತ್ತುತ್ತದೋ ಇಲ್ಲವೋ ಅಂದೆ. ಖರೇ ಹೇಳಬೇಕೆಂದರೆ ಎಂಜಿನ್ ಬಿಸಿಯಿತ್ತು, ಹತ್ತದೇ ಇರುವ ಮಾತೇ ಇರಲಿಲ್ಲ. ಅವಳು ಮತ್ತೊಮ್ಮೆ ಕರೆಯಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ ಎರಡು ಕಡೆ ಗಾಡಿ ತಿರುಗಿಸಬೇಕೆನ್ನಿಸಿತು; ತಿರುಗಿಸಲಿಲ್ಲ.

ಸೋಮವಾರ ಹೊಸ ವೈರಿನ ಸೆಟ್ ತಂದು, ಅದಲುಬದಲಾಗದಂತೆ ಒಂದೊಂದೇ ಕಿತ್ತು ಒಂದೊಂದೇ ಹಾಕಿದೆ. ಮಂಗಳವಾರ ಬೆಳಿಗ್ಗೆ ಜೋರು ಮಳೆಯಲ್ಲೂ ಗಾಡಿ ಒಂದೇ ಏಟಿಗೆ ಹತ್ತಿತು. ಅವಳಿಗೆ ಫೋನ್ ಮಾಡಿ ಹೇಳಿದೆ. ಛಲೋ ಆತು ಅಂದಳು. ಅತ್ತ ಪ್ರಾರ್ಥನೆಯ ಗಂಟೆ ಹೊಡೆಯಿತು. ಇಡುತ್ತೇನೆ ಅಂತ ಹೇಳಿ ಇಟ್ಟಳು. ನಾನು ಕಚೇರಿಗೆ ಹೊರಡಲು ಗಾಡಿಯನ್ನು ಹಿಂದಕ್ಕೆ ತೆಗೆದು, ಇಳಿದು ಶೆಡ್ಡಿನ ಬಾಗಿಲು ಹಾಕಿದೆ.