ಹೊನ್ನಪ್ಪನವರ ಹುಳಗಳು

ಹೊನ್ನಪ್ಪನವರ ಬಲಗಣ್ಣಿನ ಸುತ್ತ ಉಂಗುರದಂತೆ ಒಂದು ಕಲೆಯಿತ್ತು. ನಲವತ್ತು ವರ್ಷ ವಾಚ್ ರಿಪೇರಿಯ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದರ ಫಲ ಅದು. ಮಾರೇನಹಳ್ಳಿಯಲ್ಲಿದ್ದ ಅವರ ಅಂಗಡಿಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ರಸ್ತೆಯಲ್ಲೇ ನಿಲ್ಲಬೇಕು. ನನಗೆ ಅವರ ಪರಿಚಯವಾಗುವ ಹೊತ್ತಿಗೆ ವಾಚ್ ಕಟ್ಟುವವರೇ ಕಡಿಮೆಯಾಗಿ, ಆ ಮಸೂರ ಹೆಚ್ಚಾಗಿ ಗಿಡದ ಎಲೆಗಳನ್ನು ನೋಡುತ್ತಿತ್ತು.

ಆರ್‌ಪಿಸಿ ಲೇಔಟಿನಿಂದ ನಾನು ಮೊದಲ ಸಲ ಅಲ್ಲಿಗೆ ಹೋದದ್ದು ವಾಚಿಗೆ ಸೆಲ್ ಹಾಕಿಸಲು. ಇನ್ನೊಂದು ಕೈಯಲ್ಲಿ ನಮ್ಮ ಟೆರೇಸಿನ ದಾಸವಾಳದ ಹುಳ ಹತ್ತಿದ ಕುಡಿಯಿತ್ತು. ಅದನ್ನು ಗೊಬ್ಬರದ ಅಂಗಡಿಯಲ್ಲಿ ತೋರಿಸಿ ಔಷಧಿ ತರುವವನಿದ್ದೆ.

"ವಾಚ್ ಅಲ್ಲಿಡಿ ಸಾರ್, ಅದೆಲ್ಲೂ ಓಡೋಗಲ್ಲ. ಎಲೆ ಕೊಡಿ ಇಲ್ಲಿ," ಎಂದರು.

ಬಿಳಿ ಕಾಗದದ ಮೇಲೆ ಕುಡಿಯನ್ನು ಎರಡು ಸಲ ತಟ್ಟಿದರು. ಹಸಿರು ಚುಕ್ಕಿಗಳು ಉದುರಿದವು. ಮಸೂರವನ್ನು ನನ್ನ ಕೈಗೇ ಕೊಟ್ಟು, "ಹಿಂದ್ಗಡೆ ಎರಡು ಕೊಳವೆ ಕಾಣ್ತಾ? ಸ್ಕೂಟರ್ ಸೈಲೆನ್ಸರ್ ಥರ? ಅದಿದ್ರೆ ಗಿಡದ ಹೇನು. ಔಷಧಿ ಗಿಷಧಿ ಬೇಡ. ಪೈಪಲ್ಲಿ ಜೋರಾಗಿ ನೀರು ಬಿಡಿ, ಬಿದ್ದೋಗ್ತವೆ" ಎಂದರು. ಹಾಗೇ ಮಾಡಿದೆ, ಬಿದ್ದುಹೋದವು. ಅಂದಿನಿಂದ ನಾನು ಅವರ ಶಿಷ್ಯನಾದೆ.

ಅವರ ಮುಂದೆ "ಗಿಡಕ್ಕೆ ಹುಳ ಬಂದಿದೆ" ಎಂದರೆ ಸಿಟ್ಟು ಬರುತ್ತಿತ್ತು. "ಮನೆಗೆ ಮನುಷ್ಯ ಬಂದಿದಾನೆ ಅಂದ್ರೆ ಯಾರು ಅಂತ ಅಂದ್ಕೊಳ್ಳೋದು ಸಾರ್?" ಎಂದು ಕೇಳುತ್ತಿದ್ದರು. ತಟ್ಟಿದರೆ ಹಾರಿತೋ, ಜಿಗಿಯಿತೋ, ಕೂತಲ್ಲೇ ಕೂತಿತೋ? ನೇರ ನಡೆಯಿತೋ, ಏಡಿಯ ಹಾಗೆ ಅಡ್ಡಡ್ಡವೋ? ಇಷ್ಟಕ್ಕೆ ಉತ್ತರ ಕೊಡದವರಿಗೆ ಉಪಾಯ ಹೇಳುತ್ತಿರಲಿಲ್ಲ. ಒಮ್ಮೆ ಒಬ್ಬ ಹೆಂಗಸು ಟಿಫಿನ್ ಡಬ್ಬಿಯಲ್ಲಿ ಬಿಳಿ ಬಿಳಿಯಾದ ಕರಿಬೇವು ತಂದು ಗೋಳಾಡಿದರು. ಹೊನ್ನಪ್ಪನವರು ಐದು ನಿಮಿಷ ನೋಡಿ, "ಇದು ಹುಳ ಅಲ್ಲ ಕಣಮ್ಮ, ಪಕ್ಕದ ಸೈಟಲ್ಲಿ ಕಟ್ತಿರೋ ಮನೆ ಸಿಮೆಂಟು. ತೊಳೆದು ಒಗ್ಗರಣೆಗೆ ಹಾಕ್ಕೊಳ್ಳಿ" ಎಂದರು.

ಅವರ ಮನೆತನದ ಅವರೆ ಹೊಲವೆಲ್ಲ ಸೈಟುಗಳಾಗಿ, ತಂದೆ ನೆಟ್ಟ ಒಂದು ಸೀಬೆಮರ ಮಾತ್ರ ಉಳಿದಿತ್ತು. ಅದೂ ಅವರ ತಮ್ಮ ನಂಜೇಗೌಡರು ಕಟ್ಟಿಸಿದ ಬಾಡಿಗೆ ಮನೆಗಳ ಮುಂದೆ, ಕಾರು ನಿಲ್ಲಿಸುವ ಜಾಗದಲ್ಲಿ. ಒಂದು ಬೇಸಿಗೆಯಲ್ಲಿ ಮರಕ್ಕೆ ಹಿಟ್ಟು ತಿಗಣೆ ಹತ್ತಿತು. ಮೈಗೆ ಬಿಳಿ ಹಿಟ್ಟು ಮೆತ್ತಿಕೊಂಡು ರಸ ಹೀರುವ ಹುಳ ಅದು. ಅದು ಸುರಿಸುವ ಅಂಟಿನಿಂದ ಕೆಳಗಿದ್ದ ಕಾರುಗಳೆಲ್ಲ ಬೆಲ್ಲದ ಪಾಕ ಬಳಿದ ಹಾಗಾದವು. ಬಾಡಿಗೆಯವರು ಗಲಾಟೆ ಮಾಡಿದರು. ನಂಜೇಗೌಡರು ಅಣ್ಣನಿಗೆ ಒಂದು ತಿಂಗಳು ಗಡುವು ಕೊಟ್ಟರು. ಅಷ್ಟರಲ್ಲಿ ತಿಗಣೆ ಹೋಗದಿದ್ದರೆ ಮರ ಕಡಿಸುವುದೆಂದು ತೀರ್ಮಾನವಾಯಿತು.

ಹೊನ್ನಪ್ಪನವರು ಕೆಂಗೇರಿಯ ಯಾರದೋ ತೋಟದಿಂದ ತಿಗಣೆ ತಿನ್ನುವ ಗುಲಗಂಜಿ ಹುಳಗಳನ್ನು ವಾಚಿನ ಡಬ್ಬಿಯಲ್ಲಿ ತಂದು ಕೆಳಗಿನ ಕೊಂಬೆಗಳಿಗೆ ಬಿಟ್ಟರು. ಎರಡು ವಾರದ ಮೇಲೆ ಮದುವೆಯೊಂದಕ್ಕೆ ತುಮಕೂರಿಗೆ ಹೊರಟಾಗ ನನಗೆ ಹೇಳಿದರು: "ದಿನಾ ಒಂದ್ಸಲ ನೋಡ್ತಿರಿ ಸಾರ್. ನೋಡಿ ಅಷ್ಟೇ. ಮುಟ್ಬೇಡಿ."

ಮೂರನೇ ದಿನ ನೋಡಿದರೆ, ಕೆಳಗಿನ ಕೊಂಬೆಗಳ ತುಂಬ ತಿಗಣೆಗಿಂತ ಎರಡು ಪಟ್ಟು ದೊಡ್ಡ ಬಿಳಿ ಹುಳಗಳು. ಮೈತುಂಬ ಉಣ್ಣೆಯಂಥ ಉದ್ದ ಎಳೆಗಳು. ದುಂಡಗೆ ಹೊಳೆಯುವ ಗುಲಗಂಜಿ ಹುಳ ಒಂದೂ ಕಾಣಲಿಲ್ಲ. ತಿಗಣೆಗಳೇ ರಸ ಹೀರಿ ಕೊಬ್ಬಿವೆ ಎಂದು ನಾನೇ ತೀರ್ಪು ಕೊಟ್ಟೆ. ಸೋಪಿನ ನೀರು, ಹಳೇ ಬ್ರಷ್ಷು ಹಿಡಿದು ಬೆಳಿಗ್ಗೆಯೆಲ್ಲ ಉಜ್ಜಿದೆ. ಗುರುಗಳಿಗೆ ತೋರಿಸಬೇಕಲ್ಲ, ನಾಲ್ಕು ಸತ್ತ ಹುಳಗಳನ್ನು ಡಬ್ಬಿಯಲ್ಲಿ ಎತ್ತಿಟ್ಟೆ.

ತುಮಕೂರಿನಿಂದ ಬಂದ ಮೇಲೆ ಅವರು ಮಸೂರ ಹಾಕಿಕೊಂಡು ಅವನ್ನು ಬಹಳ ಹೊತ್ತು ನೋಡಿದರು. "ಇವು ಓಡಾಡ್ತಿದ್ವಾ?"

"ಹೂಂ, ಚುರುಕಾಗಿ ಓಡಾಡ್ತಿದ್ವು."

"ತಿಗಣೆ ಅಷ್ಟು ಚುರುಕಲ್ಲ ಸಾರ್. ಎಳೆ ಸರಿಸಿ ನೋಡಿ, ಕಾಲು ಎಷ್ಟುದ್ದ ಇದೆ. ತಿಗಣೆಗೆ ರಸ ಹೀರೋಕೆ ಸೂಜಿ ಇರತ್ತೆ. ಇದಕ್ಕೆ ಕಚ್ಚೋ ಬಾಯಿ. ಇವು ಗುಲಗಂಜಿ ಹುಳದ ಮರಿಗಳು. ತಿಗಣೆ ಥರಾನೇ ವೇಷ ಹಾಕ್ಕೊಂಡಿರ್ತವೆ."

ಅವರು ಡಬ್ಬಿ ಮುಚ್ಚಿ, "ಬಿಡಿ. ಮರಿ ಹೆಂಗಿರತ್ತೆ ಅಂತ ನಾನು ಹೇಳಿರ್ಲಿಲ್ಲ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಮೇಲಿನ ಕೊಂಬೆಗಳ ತಿಗಣೆ ಮತ್ತೆ ಕೆಳಗಿಳಿಯಿತು. ಗಡುವು ಮುಗಿದ ಮರುದಿನ ಮರ ಕಡಿದರು. ನಾಚಿಕೆಯಿಂದ ನಾನು ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋದಾಗ ಅವರು ಎಂದಿನಂತೆ ಕಾಫಿ ತರಿಸಿದರು. ಮರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೋದ ವರ್ಷ ಹೊನ್ನಪ್ಪನವರು ಹೃದಯಾಘಾತದಿಂದ ತೀರಿಕೊಂಡರು. ಮನೆಯವರನ್ನು ಮಾತನಾಡಿಸಲು ಹೋದೆ. ನಂಜೇಗೌಡರು ಅಣ್ಣನ ಗುಣಗಾನ ಮಾಡುತ್ತಾ ನಡುವೆ ಹೇಳಿದರು: "ಹುಳದ ವಿಷಯದಲ್ಲಿ ಒಂದೇ ಸಲ ಸಾರ್ ಅವನು ತಪ್ಪಿದ್ದು. ಸೀಬೆಮರದಲ್ಲಿ ಒಳ್ಳೇ ಹುಳಾನೇ ತೊಳೆದುಬಿಟ್ಟೆ, ಗುರುತು ಸಿಗಲಿಲ್ಲ ಅಂತ ಅವನೇ ಒಪ್ಕೊಂಡ. ನಿನಗೆ ಕಣ್ಣು ಹೋಗಿದೆ ಅಂತ ಎಲ್ಲರ ಮುಂದೆ ಬೈದಿದ್ದೆ. ಆಮೇಲೆ ಮನೇಲಿ ಯಾರೂ ಅವನನ್ನ ಒಂದು ಗಿಡದ ವಿಷಯಾನೂ ಕೇಳಲಿಲ್ಲ."

"ತೊಳೆದವನು ನಾನು ಗೌಡ್ರೇ. ಅವರು ಊರಲ್ಲೇ ಇರ್ಲಿಲ್ಲ," ಎಂದೆ.

"ಅವನು ಇದ್ದಾಗ ಹೇಳ್ಬೇಕಿತ್ತು ಸಾರ್," ಎಂದರು ನಂಜೇಗೌಡರು.