ಮುಚ್ಚಳ ಎತ್ತುವ ಪಾಕ್ ದರ್ಸೋನೊ

ಇಂಡೊನೇಷ್ಯಾದ ಸೆಮಾರಾಂಗ್ ಊರಿನ ಗಲ್ಲಿಯೊಂದರಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದ ಸುಮಾರ್ನಿ, ಮನೆಮನೆಗೆ ಜನಗಣತಿಗೆ ಬರುವ, ಎಲ್ಲರೂ 'ಪಾಕ್' ಎಂದರೆ 'ಯಜಮಾನರೇ' ಎಂದು ಕರೆಯುವ ದರ್ಸೋನೊ ಹೆಸರನ್ನು ಮೊದಲು ಕೇಳಿದ್ದು ಪಕ್ಕದ ಮನೆಯವಳು ಅನ್ನದ ಪಾತ್ರೆ ಹೊತ್ತು ಓಡಿಬಂದ ದಿನ. "ಇದನ್ನ ಬಚ್ಚಿಡಿ ಅಮ್ಮಾ, ಎರಡು ಪಾತ್ರೆ ಕಂಡ್ರೆ ಸೊಸೇದು ಬೇರೆ ಸಂಸಾರ ಅಂತ ಬರ್ಕೋತಾನಂತೆ ಆ ಪುಣ್ಯಾತ್ಮ." ಆತ ಯಾರ ಮನೆಗೆ ಬಂದರೂ ಮನುಷ್ಯರ ಮುಖ ನೋಡದೆ, ನೇರ ಒಲೆಯ ಬಳಿ ಹೋಗಿ ಮುಚ್ಚಳ ಎತ್ತುತ್ತಿದ್ದ. ಅವನ ಲೆಕ್ಕದಲ್ಲಿ ಒಂದೇ ಪಾತ್ರೆಯ ಅನ್ನ ಉಂಡವರು ಒಂದು ಸಂಸಾರ, ತಮ್ಮ ತಮ್ಮ ಪಾತ್ರೆ ಇಟ್ಟುಕೊಂಡವರು ಬಾಡಿಗೆಯವರು, ಗಂಟೆ ಹೊಡೆದ ಮೇಲೆ ಉಣ್ಣುವವರು ಹಾಸ್ಟೆಲಿನವರು, ಉಂಡ ಮೇಲೂ ಹೊರಗೆ ಬಿಡದಿದ್ದರೆ ಅದು ಜೈಲು. "ನನ್ನ ಗಂಡ ದಿನಾ ಹೋಟ್ಲಲ್ಲೇ ಉಣ್ತಾನಲ್ಲ ಪಾಕ್?" ಎಂದು ಯಾರಾದರೂ ಕೆಣಕಿದರೆ, "ಹಾಗಾದ್ರೆ ಅವನು ನಿಮ್ಮನೆ ಅತಿಥಿ" ಎಂದು ನಗದೆ ಹೇಳುತ್ತಿದ್ದ. ತನ್ನ ಹೆಂಡತಿ ತೀರಿದ ಮೇಲೆ ದರ್ಸೋನೊ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದು, ತಳ್ಳುಗಾಡಿಯ ಬಳಿ ನಿಂತುಕೊಂಡೇ ಉಣ್ಣುತ್ತಿದ್ದ. ಅದು ಯಾವ ಲೆಕ್ಕಕ್ಕೆ ಸೇರುತ್ತದೆಂದು ಯಾರೂ ಕೇಳಿರಲಿಲ್ಲ. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡಬೇಕಾದಾಗ ಸುಮಾರ್ನಿಯ ಬಳಿ ಕೋಣೆ ನೋಡಲು ಬಂದ. ಅಂದು ಒಲೆಯ ಕಡೆ ಹೋಗಲಿಲ್ಲ, ನೀರು ಎಷ್ಟು ಹೊತ್ತಿಗೆ ಬರುತ್ತದೆಂದೂ ವಿಚಾರಿಸಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ: "ಅಮ್ಮಾ, ನಾನು ಬರೋದು ತಡವಾದ್ರೆ, ಎಲ್ಲಿ ಹೋದ ಅಂತ ಇಲ್ಲಿ ಯಾರಾದ್ರೂ ಕೇಳ್ತಾರಾ?"