ಗಂಜಿಗೆ ಕರೆದವಳು

ಕಾರ್ಕಳದ ಒಂದು ಕಲ್ಲುಕೋರೆಯಲ್ಲಿ ದೇಜಪ್ಪ ಬಂಡೆಗೆ ಸಿಡಿಮದ್ದು ತುಂಬುತ್ತಿದ್ದ. ಹೆಂಡತಿ ಸರಸ ಅಲ್ಲೇ ಜಲ್ಲಿ ಹೊರುತ್ತಿದ್ದಳು. ಎಂಬತ್ತೊಂದರ ಬೇಸಗೆಯ ಒಂದು ಮಧ್ಯಾಹ್ನ ಬತ್ತಿಗೆ ಬೆಂಕಿ ಕೊಟ್ಟು ಕೋರೆಯ ಗುಂಡಿಯಿಂದ ಮೇಲೆ ಹತ್ತುತ್ತಿದ್ದ ಗಂಡನನ್ನು ಅವಳು ಗಂಜಿಗೆ ಕರೆದಳು. ಅವನು ನಿಂತು ತಿರುಗಿ ನೋಡಿದ. ಅಷ್ಟರಲ್ಲಿ ಬಂಡೆ ಸಿಡಿಯಿತು. ಅವನ ಮೈ ಏನಾಯಿತೆಂದು ಸರಸ ಕಣ್ಣಾರೆ ಕಂಡಳು.

ಹೆಣ ಸುಟ್ಟ ದಿನವೂ ಅವಳು ಅಳಲಿಲ್ಲ. ದೂರದ ಕೋರೆಯಲ್ಲಿ ಮದ್ದು ಸಿಡಿದರೆ ಮಂಚದಡಿ ನುಗ್ಗುತ್ತಿದ್ದಳು. ಒಮ್ಮೆ ಮಗಳು ವಾರಿಜಾಳ ಕೈಯಿಂದ ನೀರಿನ ಕೊಡಪಾನ ಜಾರಿ ದಡ್ಡೆಂದಾಗ, ಒಲೆಯ ಪಕ್ಕದ ಸೌದೆ ಎತ್ತಿ ಹೊಡೆದೇ ಹೊಡೆದಳು. ಹುಡುಗಿಯ ಮುಂಗೈ ಮುರಿಯಿತು. ಸರಸಳ ಅಣ್ಣ ಧರ್ಮಪಾಲ ಬಂದು ಮಗುವನ್ನು ಬೆಳ್ಮಣ್ಣಿನ ಅಜ್ಜಿಮನೆಗೆ ಕರೆದೊಯ್ದ.

ಗಂಡನ ಪ್ರೇತ ಹಿಡಿದಿದೆಯೆಂದು ನೆರೆಯವರು ಮಂತ್ರಿಸಿದ ನೂಲು ಕಟ್ಟಿಸಿದರು. ಗುಣ ಕಾಣಲಿಲ್ಲ. ಅನ್ನ ಬಿಟ್ಟು ಕಡ್ಡಿಯಾದ ತಂಗಿಯನ್ನು ಧರ್ಮಪಾಲ ಕೊನೆಗೆ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿನ ವೈದ್ಯರು ನಿದ್ದೆಗೆ ಮಾತ್ರೆ ಕೊಟ್ಟು, ರೋಗಿಗಳೊಡನೆ ಕೂತು ಮಾತಾಡುವ ಗ್ಲ್ಯಾಡಿಸ್ ಎಂಬವರ ಹತ್ತಿರ ಕಳಿಸಿದರು. ಮಧ್ಯವಯಸ್ಸಿನ ಹೆಂಗಸು, ಕೊಂಕಣಿಯ ರಾಗದಲ್ಲಿ ತುಳು ಆಡುತ್ತಿದ್ದರು. ರೋಗಿಗಳೆಲ್ಲ ಅವರನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು.

ಮೊದಮೊದಲು ಸರಸ ಬಾಯಿಯೇ ಬಿಡಲಿಲ್ಲ. ಗ್ಲ್ಯಾಡಿಸ್ ಒತ್ತಾಯಿಸಲಿಲ್ಲ. "ಹೇಳಬೇಕು ಅನ್ನಿಸಿದಾಗ ಹೇಳಿ. ಸಾಕೆನಿಸಿದಲ್ಲಿ ನಿಲ್ಲಿಸಿ," ಎನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಸರಸ ತಾನಾಗಿಯೇ ಹೇಳಿದಳು: "ನಾನು ಕರೆಯದಿದ್ದರೆ ಅವರು ಬದುಕುತ್ತಿದ್ದರು, ಬಾಯಮ್ಮ."

ನಿಮ್ಮ ತಪ್ಪಿಲ್ಲವೆಂದು ಗ್ಲ್ಯಾಡಿಸ್ ಸಮಾಧಾನ ಹೇಳಲಿಲ್ಲ. "ನಿಮ್ಮ ಜೊತೆ ಕಲ್ಲು ಹೊರುವವಳೊಬ್ಬಳು ಹೀಗೆ ಗಂಡನನ್ನು ಕರೆದಿದ್ದರೆ ಅವಳಿಗೆ ನೀವು ಎಂತ ಹೇಳುತ್ತಿದ್ದಿರಿ?" ಎಂದು ಕೇಳಿದರು.

ಸರಸ ನೆಲ ನೋಡಿದಳು. "ಹಸಿದವರನ್ನು ಗಂಜಿಗೆ ಕರೆದದ್ದು ಕೊಂದ ಹಾಗಾ ಅಂತ ಕೇಳುತ್ತಿದ್ದೆ," ಎಂದಳು. ಹಾಗೆ ಹೇಳಿದವಳೇ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಅತ್ತಳು. ಹೊರಗೆ ಕಾಯುತ್ತಿದ್ದ ಧರ್ಮಪಾಲನಿಗೆ ಒಳಗೆ ಹೋಗುವ ಧೈರ್ಯವಾಗಲಿಲ್ಲ.

ಆಮೇಲೆ ಗ್ಲ್ಯಾಡಿಸ್ ಅವಳಿಂದ ಆ ಮಧ್ಯಾಹ್ನವನ್ನು ಮತ್ತೆ ಮತ್ತೆ ಹೇಳಿಸಿದರು. ಸದ್ದು ಕೇಳಿದಾಗ ಅಂಗಾಲು ನೆಲಕ್ಕೂರಿ, ಕಣ್ಣಿಗೆ ಬಿದ್ದ ಸಾಮಾನುಗಳ ಹೆಸರು ಹೇಳುತ್ತಾ ಉಸಿರಾಡಲು ಕಲಿಸಿದರು. ಕೋರೆಯ ಸದ್ದಿಗೆ ಮಂಚದಡಿ ಓಡದೆ ಅಂಗಳದಲ್ಲೇ ನಿಲ್ಲುವಷ್ಟು ಧೈರ್ಯ ಬರಲು ವರ್ಷಗಳೇ ಹಿಡಿದವು. ಸದ್ದಿಗೆ ಎದೆ ಹೊಡೆದುಕೊಳ್ಳುವುದು ಮಾತ್ರ ಪೂರ್ತಿ ನಿಲ್ಲಲೇ ಇಲ್ಲ. ಕೋರೆ ಬಿಟ್ಟು ಬೀಡಿ ಕಟ್ಟಲು ಕುಳಿತಳು.

ಕಷ್ಟದ ಕೆಲಸ ಬೇರೆಯೇ ಇತ್ತು. ವಾರಿಜಾ ತಾಯಿಯ ಎದುರು ಬರುತ್ತಿರಲಿಲ್ಲ. ಎಂಬತ್ತೈದರಲ್ಲಿ ಸರಸ ಒಬ್ಬಳೇ ಬೆಳ್ಮಣ್ಣಿಗೆ ಹೋದಳು. ಅಪ್ಪ ಸತ್ತ ಬಗೆಯನ್ನು ಮಗಳಿಗೆ ಏನೂ ಮುಚ್ಚಿಡದೆ ಹೇಳಿದಳು. ಹುಡುಗಿ ಕೇಳಿಸಿಕೊಂಡಳು. "ನನಗೆ ಯಾಕೆ ಹೊಡೆದದ್ದು?" ಎಂದಳು.

"ಸದ್ದಿಗೆ ಹೆದರಿದೆ. ಆದರೆ ಹೊಡೆದದ್ದು ತಪ್ಪು. ನಿನ್ನದು ಏನೂ ತಪ್ಪಿರಲಿಲ್ಲ."

ವಾರಿಜಾ ವಕ್ರವಾಗಿ ಕೂಡಿಕೊಂಡಿದ್ದ ಮುಂಗೈ ಉಜ್ಜಿಕೊಂಡಳು. "ನಾನು ಕಾರ್ಕಳಕ್ಕೆ ಬರುವುದಿಲ್ಲ," ಎಂದು ಒಳಗೆ ಹೋದಳು.

ಸರಸ ಜಗಲಿಯಲ್ಲಿ ಕಾದಳು. ಅಜ್ಜಿ ಚಹಾ ತಂದುಕೊಟ್ಟರು. ಕಾರ್ಕಳದ ಬಸ್ಸು ಬರುವವರೆಗೂ ಹುಡುಗಿ ಹೊರಗೆ ಬರಲಿಲ್ಲ. ಮುಂದಿನ ಶನಿವಾರ ಸರಸ ಪುನಃ ಹೋದಳು. ಅವತ್ತು ವಾರಿಜಾ ಜಗಲಿಯ ಆಚೆ ತುದಿಯಲ್ಲಿ ಪುಸ್ತಕ ಹಿಡಿದು ಕುಳಿತಿದ್ದಳು. ತಾಯಿ ಬಂದು ಕೂತರೂ ಎದ್ದು ಹೋಗಲಿಲ್ಲ.